ಸ್ಕೇಲು, ಪೆನ್ಸಿಲ್ಲು, ಪಟ್ಟಿಯಲ್ಲೊಂದು ಗೆರೆ

ಹೋದ ಸಂಚಿಕೆಯಲ್ಲಿ ಲಂಡನ್ನಿನ ಮತಗಟ್ಟೆಯೊಂದರಲ್ಲಿ ಪೋಲ್ ಕ್ಲರ್ಕ್ ಆಗಿ ಕೂತ ದಿನದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮುಕ್ಕಾಲು ಪತ್ರಗಳು ಅಲ್ಲಿನ ಹುಡುಗರ ಬಗ್ಗೆ, ಅವರ ವೋಟಿನ ಬಗ್ಗೆ. ಅದಕ್ಕೇ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೊಸಬರಿಗೆ ಒಂದು ಮಾತು: ನಾನು ತಿಪಟೂರಿನವಳು, 1998ರಿಂದ ಲಂಡನ್‌ನಲ್ಲಿದ್ದೇನೆ. ಕೆಲಸ ಲೈಬ್ರರಿಯಲ್ಲಿ. ಚುನಾವಣೆ ಬಂದಾಗ ಕೌನ್ಸಿಲ್‌ನವರು, ಅಂದರೆ ನಮ್ಮ ನಗರಸಭೆ ಇದ್ದ ಹಾಗೆ, ಒಂದು ದಿನದ ಮಟ್ಟಿಗೆ ಮತಗಟ್ಟೆಗೆ ಕರೆಯುತ್ತಾರೆ.

ಮೇಡಂ, ನನ್ನ ಮಗ ಲೆಸ್ಟರ್‌ನಲ್ಲಿ ಎಂಎಸ್‌ಸಿ ಓದುತ್ತಿದ್ದಾನೆ. ಇನ್ನೂ ಮೂವರು ಹುಡುಗರ ಜೊತೆ ಬಾಡಿಗೆ ಮನೆ. ವೋಟರ್ ಲಿಸ್ಟಿಗೆ ಹೆಸರು ಸೇರಿಸಿ ಅಂತ ಕೌನ್ಸಿಲ್‌ನಿಂದ ಕಾಗದ ಬಂದಿತ್ತಂತೆ. ‘ನಾವು ಇಂಡಿಯಾದವರು, ನಮಗ್ಯಾಕೆ ಅಂತ ಕಸಕ್ಕೆ ಹಾಕಿದೆ ಅಮ್ಮ’ ಅಂದ. ಏನಾದರೂ ತೊಂದರೆ ಆಗುತ್ತಾ?
— ಒಬ್ಬ ತಾಯಿ, ದಾವಣಗೆರೆ

ಅಮ್ಮಾ, ಇವತ್ತು ರಾತ್ರಿ ಫೋನ್ ಮಾಡಿದಾಗ ಆ ಕಾಗದವನ್ನು ಕಸದಿಂದ ಎತ್ತಿಕೊಳ್ಳೋಕೆ ಹೇಳಿ. ಅದು ಮೋಸದ ಕಾಗದ ಅಲ್ಲ. ನಿಮ್ಮ ಮಗನಿಗೆ ಅಲ್ಲಿ ವೋಟಿದೆ.

ಇದು ನಮ್ಮವರಲ್ಲಿ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಭಾರತ ಕಾಮನ್‌ವೆಲ್ತ್ ದೇಶ. ಕಾಮನ್‌ವೆಲ್ತ್ ದೇಶದ ಪ್ರಜೆ ಸರಿಯಾದ ವೀಸಾ ಇಟ್ಟುಕೊಂಡು ಬ್ರಿಟನ್ನಿನಲ್ಲಿ ವಾಸವಾಗಿದ್ದರೆ, ವಯಸ್ಸು 18 ಆಗಿದ್ದರೆ, ಕೌನ್ಸಿಲ್ ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ವೋಟು ಹಾಕಬಹುದು. ಸ್ಟೂಡೆಂಟ್ ವೀಸಾ ಆದರೂ ಸರಿ. ಅವನ ಪಕ್ಕದಲ್ಲಿ ಕೂರುವ ಅಮೆರಿಕದ ಹುಡುಗನಿಗೋ ಚೀನಾದ ಹುಡುಗಿಗೋ ಈ ಹಕ್ಕಿಲ್ಲ. ಸಾಮ್ರಾಜ್ಯದ ಕಾಲದಿಂದ ಉಳಿದುಬಂದ ಕಾನೂನು ಇದು. ನಮ್ಮ ಅಜ್ಜಂದಿರು ಪಟ್ಟ ಪಾಡಿನ ಮುಂದೆ ಇದೇನು ದೊಡ್ಡದಲ್ಲ. ಆದರೆ ಕೈಗೆ ಬಂದಿದ್ದನ್ನು ಯಾಕೆ ಬಿಡಬೇಕು?

ಹೆಸರು ಸೇರಿಸೋದು ಆನ್‌ಲೈನ್‌ನಲ್ಲೇ ಆಗುತ್ತೆ, ಐದು ನಿಮಿಷದ ಕೆಲಸ. ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಅಂದರೆ ದುಡಿಯುವವರಿಗೆ ಸರ್ಕಾರ ಕೊಡುವ ನಂಬರ್, ಕೇಳುತ್ತಾರೆ. ಪಾರ್ಟ್‌ಟೈಮ್ ಕೆಲಸಕ್ಕೆ ಸೇರಿದ್ದರೆ ಅದು ಇರುತ್ತೆ. ಇಲ್ಲದಿದ್ದರೆ ಯಾಕಿಲ್ಲ ಅಂತ ಬರೆದರೆ ಸಾಕು, ಬೇರೆ ದಾಖಲೆ ಕೇಳುತ್ತಾರೆ. ಚುನಾವಣೆಗೆ 12 ಕೆಲಸದ ದಿನ ಮುಂಚೆ ಪಟ್ಟಿ ಮುಚ್ಚುತ್ತೆ, ಅದು ನೆನಪಿರಲಿ. ಕೌನ್ಸಿಲ್ ಮತ್ತೆ ಮತ್ತೆ ಕೇಳಿದರೂ ಉತ್ತರ ಕೊಡದೆ ಇದ್ದರೆ 80 ಪೌಂಡ್‌ವರೆಗೆ ದಂಡ ಹಾಕುವ ಅಧಿಕಾರ ಅವರಿಗಿದೆ. ಇನ್ನೊಂದು ಲಾಭ: ಸಾಲದ ಹಿನ್ನೆಲೆ ನೋಡುವ ಕಂಪನಿಗಳು ಈ ಪಟ್ಟಿಯನ್ನೇ ನೋಡುತ್ತವೆ. ಮೊಬೈಲ್ ಕಾಂಟ್ರಾಕ್ಟ್ ತಗೊಳ್ಳುವಾಗ ಪಟ್ಟಿಯಲ್ಲಿ ಹೆಸರಿದ್ದರೆ ಅನುಕೂಲ. ಮತಗಟ್ಟೆಯಲ್ಲಿ ಗುರುತಿಗೆ ಭಾರತದ ಪಾಸ್‌ಪೋರ್ಟ್ ತೋರಿಸಿದರೆ ನಡೆಯುತ್ತೆ.

ನಿಮ್ಮ ಭಯ ಬಹುಶಃ ಬೇರೆ ಇದೆ. ಅಲ್ಲಿ ವೋಟು ಹಾಕಿದ ಮಾತ್ರಕ್ಕೆ ಅವನ ಭಾರತದ ಪೌರತ್ವ ಹೋಗೋದಿಲ್ಲ. ಹೊರದೇಶದಲ್ಲಿರುವ ಭಾರತೀಯರಿಗೆ ಅಂತ ನಮ್ಮ ಚುನಾವಣಾ ಆಯೋಗದ ಫಾರಂ 6ಎ ಇದೆ. ಆದರೆ ಆ ವೋಟನ್ನು ಊರಿಗೇ ಬಂದು ಮತಗಟ್ಟೆಯಲ್ಲಿ ಹಾಕಬೇಕು.

‘ಒಂದು ವರ್ಷ ಇರೋನಿಗೆ ಇದೆಲ್ಲ ಯಾಕೆ’ ಅಂತ ಅವನು ಕೇಳಬಹುದು. ಆಗ ಹೀಗೆ ಹೇಳಿ. ಮಾಸ್ಟರ್ಸ್ ಓದೋರು ಹೆಂಡತಿ ಮಕ್ಕಳನ್ನು ಕರೆತರೋದನ್ನು 2024ರ ಜನವರಿಯಿಂದ ನಿಲ್ಲಿಸಿದರು. ಓದು ಮುಗಿದ ಮೇಲೆ ಎರಡು ವರ್ಷ ಅಲ್ಲೇ ಇದ್ದು ಕೆಲಸ ಹುಡುಕುವ ವೀಸಾ ಇತ್ತಲ್ಲ, ಅದನ್ನು 18 ತಿಂಗಳಿಗೆ ಇಳಿಸುವ ತೀರ್ಮಾನವನ್ನು 2025ರಲ್ಲಿ ಮಾಡಿದರು. ಈ ನಿಯಮ ಮಾಡಿದವರ ಕ್ಷೇತ್ರಗಳಲ್ಲೇ ನಮ್ಮ ಮಕ್ಕಳು ಬಾಡಿಗೆ ಕಟ್ಟಿಕೊಂಡು ಇದ್ದಾರೆ. ಮೂವರು ರೂಂಮೇಟ್‌ಗಳಿಗೂ ಅವನೇ ಹೇಳಲಿ.

ಅಕ್ಕಾರ, ಇಂಗ್ಲೆಂಡಿನಾಗ 16 ವರ್ಷಕ್ಕ ವೋಟು ಕೊಡ್ತಾರಂತ, ಖರೇನ? ನನ್ನ ತಮ್ಮಗ 16. ಅವನ ಕೈಯಾಗ ರೊಕ್ಕ ಕೊಟ್ಟು ಅಂಗಡಿಗೆ ಕಳಿಸಾಕ ನಮ್ಮವ್ವ ಅಂಜತಾಳ. ಅಷ್ಟು ಸಣ್ಣ ಹುಡುಗರಿಗೆ ಏನ್ ತಿಳೀತದ?
— ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಖರೇ ತಂಗಿ. ಮುಂದಿನ ಸಾರ್ವತ್ರಿಕ ಚುನಾವಣೆಯೊಳಗೆ ಇಡೀ ದೇಶದಲ್ಲಿ ಮತದಾನದ ವಯಸ್ಸನ್ನು 16ಕ್ಕೆ ಇಳಿಸುತ್ತೇವೆ ಅಂತ 2025ರ ಜುಲೈನಲ್ಲಿ ಸರ್ಕಾರ ಹೇಳಿತು. ಆದರೆ ಬ್ರಿಟನ್ನಿನ ಎರಡು ಭಾಗಗಳಿಗೆ ಇದು ಹಳೇ ವಿಷಯ. ಸ್ಕಾಟ್ಲೆಂಡ್ ಬೇರೆ ದೇಶ ಆಗಬೇಕಾ ಬೇಡವಾ ಅಂತ 2014ರ ಸೆಪ್ಟೆಂಬರ್ 18ರಂದು ಜನಮತ ಕೇಳಿದಾಗ 16 ತುಂಬಿದವರಿಗೂ ವೋಟಿತ್ತು. ಆ ದಿನ ನೂರಕ್ಕೆ 84.6ರಷ್ಟು ಮತದಾನ ಆಯಿತು. 2016ರಿಂದ ಸ್ಕಾಟ್ಲೆಂಡಿನ ಪಾರ್ಲಿಮೆಂಟಿಗೂ, 2021ರಿಂದ ವೇಲ್ಸ್‌ನ ಪಾರ್ಲಿಮೆಂಟಾದ ಸೆನೆಡ್‌ಗೂ 16ರವರು ವೋಟು ಹಾಕುತ್ತಿದ್ದಾರೆ. ಗ್ರೆಟ್ನಾ ಅಂತ ಸ್ಕಾಟ್ಲೆಂಡಿನ ಗಡಿಯಲ್ಲಿ ಒಂದು ಊರಿದೆ. ಅಲ್ಲಿನ 16ರ ಹುಡುಗಿಗೆ ವೋಟು. ಈಚೆ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿರುವ 17ರ ಹುಡುಗಿಗೆ ಇಲ್ಲ. ಮಧ್ಯೆ ಇರೋದು ಕಾರಲ್ಲಿ ಕಾಲು ಗಂಟೆ ದಾರಿ.

‘ಸಣ್ಣ ಹುಡುಗರು’ ಅನ್ನುವ ಮಾತು ನಾನೂ ಕೇಳಿಸಿಕೊಂಡವಳು. ನಮ್ಮ ದೇಶದಲ್ಲಿ 1989ರಲ್ಲಿ 21 ಇದ್ದದ್ದನ್ನು 18 ಮಾಡಿದರಲ್ಲ, ಆಗ ನನಗೆ 19. ಆ ವರ್ಷ ನವೆಂಬರ್‌ನಲ್ಲಿ ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೇ ಬಂದವು. ‘ಕಾಲೇಜು ಹುಡುಗರಿಗೆ ವೋಟಂತೆ, ದೇಶ ಉದ್ಧಾರ ಆದಂಗೇ’ ಅಂತ ನಮ್ಮ ಬೀದಿಯಲ್ಲಿ ದೊಡ್ಡವರು ಆಡಿಕೊಂಡರು. ಅಪ್ಪ ಮಾತ್ರ ಬೆಳಿಗ್ಗೆ ಏಳಕ್ಕೇ ಎಬ್ಬಿಸಿ, ತಲೆ ಬಾಚಿಕೋ, ಹೊರಡು ಅಂದರು. ಶಾಲೆಯ ಜಗಲಿಯ ಮೇಲೆ ಸಾಲಲ್ಲಿ ನಿಂತಿದ್ದು, ಬೆರಳಿಗೆ ಶಾಯಿ ಹಚ್ಚಿಸಿಕೊಂಡಿದ್ದು, ಸೀಲು ಒತ್ತುವಾಗ ಕೈ ನಡುಗಿದ್ದು ಈಗಲೂ ಕಣ್ಣ ಮುಂದಿದೆ. ಅವತ್ತು ಅಪ್ಪ ಎಬ್ಬಿಸದೆ ಇದ್ದಿದ್ದರೆ ನಾನು ಹೋಗುತ್ತಿದ್ದೆನೋ ಇಲ್ಲವೋ.

16ರ ಪರವಾಗಿ ನನಗೆ ಒಪ್ಪಿಗೆಯಾಗುವ ಮಾತು ಇದೇ. 16ರಲ್ಲಿ ಹುಡುಗರು ಇನ್ನೂ ಮನೆಯಲ್ಲಿರುತ್ತಾರೆ, ಶಾಲೆಯಲ್ಲಿರುತ್ತಾರೆ. ಎಬ್ಬಿಸುವವರು, ಜೊತೆಗೆ ಕರೆದೊಯ್ಯುವವರು ಇರುತ್ತಾರೆ. 18ಕ್ಕೆ ಗಂಟುಮೂಟೆ ಕಟ್ಟಿ ಗೊತ್ತಿಲ್ಲದ ಊರಿಗೆ ಹೋಗುತ್ತಾರೆ. ಮೊದಲ ವೋಟು ಆ ಗಡಿಬಿಡಿಯಲ್ಲಿ ಕಳೆದುಹೋಗುತ್ತೆ. ಸ್ಕಾಟ್ಲೆಂಡಿನಲ್ಲಿ 16, 17ಕ್ಕೇ ಮೊದಲ ವೋಟು ಹಾಕಿದವರು ಇಪ್ಪತ್ತು ದಾಟಿದ ಮೇಲೂ ಜಾಸ್ತಿ ಪ್ರಮಾಣದಲ್ಲಿ ಮತಗಟ್ಟೆಗೆ ಬರುತ್ತಿದ್ದಾರೆ ಅಂತ ಎಡಿನ್‌ಬರೊ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡಿದ್ದಾರೆ.

ನನ್ನ ಮಗಳಿಗೆ 2016ರ ಜೂನ್‌ನಲ್ಲಿ 17. ಯುರೋಪ್ ಒಕ್ಕೂಟದಲ್ಲಿ ಇರಬೇಕಾ ಬಿಡಬೇಕಾ ಅನ್ನುವ ಜನಮತ ಆ ತಿಂಗಳು 23ಕ್ಕೆ. ಅವಳಿಗೆ ವೋಟಿರಲಿಲ್ಲ. ಮರುದಿನ ಬೆಳಿಗ್ಗೆ ನಾನು ಕೆಳಗಿಳಿದು ಬಂದಾಗ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ಯೂನಿಫಾರ್ಮ್ ಹಾಕಿದ್ದಳು, ಒಂದು ಕಾಲಿಗೆ ಮಾತ್ರ ಶೂ. ಕೈಯಲ್ಲಿ ಫೋನು. 51.9ಕ್ಕೆ 48.1, ಬಿಡಬೇಕು ಅಂದವರು ಗೆದ್ದಿದ್ದರು. ‘ಅಮ್ಮ, ಇದರ ಜೊತೆ ಬದುಕೋರು ನಾವು, ನಮ್ಮನ್ನು ಕೇಳಲೇ ಇಲ್ಲ’ ಅಂದಳು. ಹೊರಬರೋದು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಆದರೆ ಅವಳ ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುವರ್ಷ ಜೂನ್ 8ಕ್ಕೆ ಸಾರ್ವತ್ರಿಕ ಚುನಾವಣೆ ಬಂತು. ಅವಳಿಗೆ 18 ಆಗಿತ್ತು. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುವ ಮುಂಚೆಯೇ ಹೋಗಿ ನಿಂತಿದ್ದಳು.

ವಯಸ್ಸು ಇಳಿಸಿದರಷ್ಟೇ ಸಾಲದು ಅನ್ನೋದನ್ನೂ ಹೇಳಬೇಕು. ಇಂಗ್ಲೆಂಡಿನ ಹೈಸ್ಕೂಲುಗಳಲ್ಲಿ ಪೌರನೀತಿ ಪಾಠ 2002ರಿಂದ ಕಡ್ಡಾಯ. ನನ್ನ ಮಗಳಿಗೆ ಅದನ್ನು ಕಲಿಸಿದ್ದು ಅವತ್ತು ಯಾವ ಮೇಷ್ಟ್ರಿಗೆ ಬಿಡುವಿತ್ತೋ ಅವರು. ಆ ಪಾಠಕ್ಕೆ ಅಂತಲೇ ತಯಾರಾದ ಮೇಷ್ಟ್ರು ಬೇಕು.

ಮೇಡಂ ಅವರೆ, ನಾನು ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವನು. ಬ್ರಿಟನ್ನಿನ ಪಾರ್ಲಿಮೆಂಟ್ ಆಡಳಿತವನ್ನು ‘ವೆಸ್ಟ್‌ಮಿನ್‌ಸ್ಟರ್ ಪದ್ಧತಿ’ ಅಂತ ಬೋರ್ಡಿನ ಮೇಲೆ ಬರೆದದ್ದೇ ಬರೆದದ್ದು. ಅಂಥ ದೇಶದಲ್ಲಿ ಯುವಕರು ಮತಗಟ್ಟೆಗೆ ಬರುವುದಿಲ್ಲ ಎಂದು ಓದಿ ಬೇಸರವಾಯಿತು. ಸೋಮಾರಿತನವೇ? ಎಲ್ಲ ಸುಖವಾಗಿದೆ ಎಂಬ ಅಸಡ್ಡೆಯೇ?
— ನಿವೃತ್ತ ಉಪನ್ಯಾಸಕರು, ಮೈಸೂರು

ಮೇಷ್ಟ್ರೇ, ಸೋಮಾರಿತನ ಅಂತ ನನಗೆ ಅನ್ನಿಸೋದಿಲ್ಲ. 2024ರ ಜುಲೈ 4ರ ಚುನಾವಣೆಯಲ್ಲಿ ಒಟ್ಟು ಮತದಾನವೇ ನೂರಕ್ಕೆ 60 ಮುಟ್ಟಲಿಲ್ಲ. 2001ರ ನಂತರ ಅಷ್ಟು ಕಮ್ಮಿ ಆಗಿದ್ದು ಅದೇ ಮೊದಲು. ಆ ದಿನ ನನ್ನ ಮೇಜಿನಿಂದ ಕಂಡಿದ್ದನ್ನು ಹೇಳುತ್ತೇನೆ.

ಚರ್ಚ್ ಹಾಲ್. ಮಡಚುವ ಮೇಜು. ಅದರ ಮೇಲೆ ವೋಟರ್ ಲಿಸ್ಟು, ಒಂದು ಸ್ಕೇಲು, ಪೆನ್ಸಿಲ್ಲು. ನಮ್ಮ ಊರಲ್ಲಿ ಇರುವ ಹಾಗೆ ಇಲ್ಲಿ ಮಷೀನು ಇಲ್ಲ, ಬೆರಳಿಗೆ ಶಾಯಿಯೂ ಇಲ್ಲ. ಜನ ಬಂದು ಹೆಸರು, ವಿಳಾಸ ಹೇಳುತ್ತಾರೆ. ನಾವು ಗುರುತಿನ ಚೀಟಿ ನೋಡಿ, ಹೆಸರು ಹುಡುಕಿ, ಸ್ಕೇಲಿಟ್ಟು ಅದರ ಮೇಲೆ ಒಂದು ಗೆರೆ ಎಳೆಯುತ್ತೇವೆ. ಪಕ್ಕದವರು ಮತಪತ್ರ ಹರಿದು ಕೊಡುತ್ತಾರೆ. ಅವರು ಮೂಲೆಯ ಗೂಡಿಗೆ ಹೋಗಿ, ದಾರಕ್ಕೆ ಕಟ್ಟಿದ ಪೆನ್ಸಿಲ್ಲಿನಿಂದ ಇಂಟು ಗುರುತು ಹಾಕುತ್ತಾರೆ. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಇದೇ ಕೆಲಸ. ಗುರುವಾರ, ರಜೆಯೂ ಇರೋದಿಲ್ಲ.

ಸಂಜೆ ಆರರ ಹೊತ್ತಿಗೆ ಒಬ್ಬ ಅಜ್ಜ ಬಂದರು. 60 ದಾಟಿದವರಿಗೆ ಬಸ್ಸಿಗೆ ಕೊಡುವ ಆಯ್ಸ್ಟರ್ ಕಾರ್ಡು ತೋರಿಸಿದರು. ಆಗುತ್ತೆ. ಗೆರೆ ಎಳೆದೆ. ಅವರ ಹಿಂದೆ ಕಾಲೇಜು ಹುಡುಗಿ, ಬೆನ್ನಿಗೆ ಚೀಲ. ಅವಳೂ ಆಯ್ಸ್ಟರ್ ಕಾರ್ಡೇ ತೆಗೆದಳು. ಅದೇ ಸಾರಿಗೆ ಸಂಸ್ಥೆ ಕೊಟ್ಟದ್ದು, ಅದರಲ್ಲೂ ಫೋಟೋ ಇದೆ. ಆದರೆ ಅದು ವಿದ್ಯಾರ್ಥಿಗಳ ಕಾರ್ಡು. ಆಗೋದಿಲ್ಲ. 2022ರ ಎಲೆಕ್ಷನ್ಸ್ ಆಕ್ಟ್ ಪ್ರಕಾರ ನಮಗೆ ಕೊಟ್ಟ ಪಟ್ಟಿಯಲ್ಲಿ ಅಜ್ಜನ ಕಾರ್ಡಿದೆ, ಅವಳದ್ದಿಲ್ಲ. ಹುಡುಗರ ರೈಲ್‌ಕಾರ್ಡೂ ಇಲ್ಲ. ‘ಪಾಸ್‌ಪೋರ್ಟ್ ಅಮ್ಮನ ಮನೆಯಲ್ಲಿದೆ, ಬರ್ಮಿಂಗ್‌ಹ್ಯಾಮ್‌ನಲ್ಲಿ’ ಅಂದಳು. ವಾಪಸ್ ಕಳಿಸಿದವರ ಹಾಳೆಯಲ್ಲಿ ಅವಳ ನಂಬರ್ ಬರೆದುಕೊಂಡೆ. ಹತ್ತು ಗಂಟೆಯವರೆಗೆ ಬಾಗಿಲ ಕಡೆ ನೋಡುತ್ತಲೇ ಇದ್ದೆ. ಅವಳು ಬರಲಿಲ್ಲ. ಇನ್ನು ಮುಂದೆ ಬ್ಯಾಂಕ್ ಕಾರ್ಡನ್ನೂ ಒಪ್ಪುತ್ತೇವೆ ಅಂತ 2025ರ ಆ ಘೋಷಣೆಯಲ್ಲೇ ಹೇಳಿದ್ದಾರೆ. ಬೇಗ ಆಗಲಿ.

ಅವಳು ಪಟ್ಟಿಯವರೆಗಾದರೂ ಬಂದಿದ್ದಳು. ಎಷ್ಟೋ ಹುಡುಗರು ಪಟ್ಟಿಯಲ್ಲೇ ಇರೋದಿಲ್ಲ. ಮುಂಚೆ ಮನೆಗೆ ಒಬ್ಬರು ಎಲ್ಲರ ಹೆಸರು ಬರೆದು ಕಳಿಸಿದರೆ ಸಾಕಿತ್ತು. ವಿಶ್ವವಿದ್ಯಾಲಯಗಳು ಹಾಸ್ಟೆಲ್ಲಿನ ಹುಡುಗರನ್ನೆಲ್ಲ ಒಟ್ಟಿಗೆ ಸೇರಿಸಿಬಿಡುತ್ತಿದ್ದವು. 2014ರಿಂದ ಅವರವರೇ ಸೇರಿಸಿಕೊಳ್ಳಬೇಕು. ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುವವರು ಪ್ರತಿ ಸಲ ಹೊಸದಾಗಿ ಬರೆಸಬೇಕು. ಮೂವತ್ತು ವರ್ಷದಿಂದ ಸ್ವಂತ ಮನೆಯಲ್ಲಿರುವ ಅಜ್ಜನಿಗೆ ಈ ತಾಪತ್ರಯ ಇಲ್ಲ.

ಈಗ ಆ ಗೆರೆಯ ವಿಷಯ. ಇದನ್ನು ನಿಮ್ಮ ಹಳೇ ವಿದ್ಯಾರ್ಥಿಗಳಿಗೂ ಹೇಳಿ ಮೇಷ್ಟ್ರೇ, ಪಠ್ಯಪುಸ್ತಕದಲ್ಲಿ ಇರೋದಿಲ್ಲ. ನಾವು ಗೆರೆ ಎಳೆದ ಪಟ್ಟಿ ಚುನಾವಣೆ ಮುಗಿದ ಮೇಲೆ ಕಸಕ್ಕೆ ಹೋಗೋದಿಲ್ಲ. ಪಕ್ಷಗಳು ದುಡ್ಡು ಕೊಟ್ಟು ಅದರ ಪ್ರತಿ ತಗೊಳ್ಳಬಹುದು. ಯಾರಿಗೆ ವೋಟು ಹಾಕಿದರು ಅನ್ನೋದು ಅದರಲ್ಲಿ ಇರೋದಿಲ್ಲ, ಯಾರು ಬಂದಿದ್ದರು ಅನ್ನೋದು ಇರುತ್ತೆ. ಮುಂದಿನ ಸಲ ಕಾರ್ಯಕರ್ತರು ಬಾಗಿಲು ತಟ್ಟೋಕೆ ಹೊರಟಾಗ ಕೈಯಲ್ಲಿ ಇದೇ ಮಾಹಿತಿ ಇರುತ್ತೆ. ಗೆರೆ ಇದ್ದ ಮನೆ ತಟ್ಟುತ್ತಾರೆ. ಗೆರೆ ಇಲ್ಲದ ಮನೆ ದಾಟಿ ಹೋಗುತ್ತಾರೆ, ಮಳೆ ಬರುತ್ತಿದ್ದರಂತೂ ಖಂಡಿತ.

ಅದರಿಂದ ಏನಾಗುತ್ತೆ? ಎರಡು ಉದಾಹರಣೆ ಕೊಡುತ್ತೇನೆ. 16 ದಾಟಿ ಓದು ಮುಂದುವರಿಸುವ ಬಡ ಮಕ್ಕಳಿಗೆ ವಾರಕ್ಕೆ 30 ಪೌಂಡ್‌ವರೆಗೆ ಭತ್ಯೆ ಇತ್ತು. ಇಎಂಎ ಅನ್ನುತ್ತಿದ್ದರು. ನಮ್ಮ ಲೈಬ್ರರಿಗೆ ಬರುತ್ತಿದ್ದ ಹುಡುಗರು ಅದರಲ್ಲೇ ಬಸ್ಸು, ಊಟ ತೂಗಿಸುತ್ತಿದ್ದರು. ಅದನ್ನು ಇಂಗ್ಲೆಂಡಿನಲ್ಲಿ ನಿಲ್ಲಿಸುವುದಾಗಿ 2010ರಲ್ಲಿ ಹೇಳಿದರು, ನಿಲ್ಲಿಸಿದರು. ಇವತ್ತಿನವರೆಗೆ ವಾಪಸ್ ಬಂದಿಲ್ಲ. ವೃದ್ಧರಿಗೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡೋಕೆ ಕೊಡುವ ದುಡ್ಡನ್ನು ಹಣಕಾಸು ಸಚಿವೆ ರೇಚಲ್ ರೀವ್ಸ್ 2024ರ ಜುಲೈನಲ್ಲಿ ಬಹಳಷ್ಟು ಜನಕ್ಕೆ ನಿಲ್ಲಿಸಿದರು. ದೇಶವೆಲ್ಲ ಗದ್ದಲ. 2025ರ ಜೂನ್‌ನಲ್ಲಿ ಹೆಚ್ಚಿನವರಿಗೆ ವಾಪಸ್ ಕೊಟ್ಟರು. ಅಜ್ಜಂದಿರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಚಳಿಯಲ್ಲಿ ಅವರಿಗೆ ಆ ದುಡ್ಡು ಬೇಕೇ ಬೇಕು. ಆದರೆ ಒಂದು ಹನ್ನೊಂದು ತಿಂಗಳಲ್ಲಿ ಬಂತು, ಇನ್ನೊಂದು ಬರಲೇ ಇಲ್ಲ. ನನ್ನ ಪಟ್ಟಿಯಲ್ಲಿ ಯಾರ ಹೆಸರಿನ ಮೇಲೆ ಗೆರೆ ಜಾಸ್ತಿ ಅಂತ ನೋಡಿದರೆ ಕಾರಣ ಗೊತ್ತಾಗುತ್ತೆ.

ಮನಸ್ಸು ಮುರಿದ ಕಥೆಯೂ ಒಂದಿದೆ. 2010ರ ಚುನಾವಣೆಗೆ ಮುಂಚೆ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕ ನಿಕ್ ಕ್ಲೆಗ್, ಕಾಲೇಜು ಶುಲ್ಕ ಏರಿಸುವುದಕ್ಕೆ ವಿರುದ್ಧ ಮತ ಹಾಕುತ್ತೇವೆ ಅಂತ ವಿದ್ಯಾರ್ಥಿಗಳ ಮುಂದೆ ಬರೆದು ಸಹಿ ಹಾಕಿದ್ದರು. ಹುಡುಗರು ನಂಬಿದರು. ಅವರ ಪಕ್ಷವೂ ಸೇರಿದ ಸಮ್ಮಿಶ್ರ ಸರ್ಕಾರ ಬಂತು. ಅದೇ ವರ್ಷ ಡಿಸೆಂಬರ್ 9ರಂದು ಶುಲ್ಕದ ಮಿತಿಯನ್ನು ಸುಮಾರು ಮೂರು ಸಾವಿರ ಪೌಂಡಿನಿಂದ 9,000ಕ್ಕೆ ಏರಿಸುವ ಮತ ನಡೆದಾಗ ಅವರೇ ಪರವಾಗಿ ಮತ ಹಾಕಿದರು. 57 ಎಂಪಿಗಳಿದ್ದ ಆ ಪಕ್ಷ 2015ರಲ್ಲಿ 8ಕ್ಕೆ ಇಳಿಯಿತು. ಪಕ್ಷ ಮತ್ತೆ ಎದ್ದಿತು, 2024ರಲ್ಲಿ 72 ಸೀಟು ಗೆದ್ದಿತು. ಆದರೆ ಶುಲ್ಕ ಇಳಿಯಲಿಲ್ಲ. 2025ರಲ್ಲಿ ಅದು 9,535 ಪೌಂಡ್ ಆಯಿತು. ಅವತ್ತು ನಂಬಿ ಮೊದಲ ವೋಟು ಹಾಕಿದವರಿಗೆ ಈಗ ಮೂವತ್ತು ದಾಟಿದೆ. ಅವರನ್ನು ಅಸಡ್ಡೆ ಅಂತ ಬೈಯೋಕೆ ನನಗೆ ಬಾಯಿ ಬರೋದಿಲ್ಲ ಮೇಷ್ಟ್ರೇ.

ನಮ್ಮ ಕನ್ನಡದ ಅಳಿಯ ರಿಷಿ ಸುನಕ್ ಪ್ರಧಾನಿ ಆಗಿದ್ದಾಗ ಹುಡುಗರಿಗೆ ಏನಾದರೂ ಮಾಡಿದರಾ?
— ಅಡಿಕೆ ಬೆಳೆಗಾರರು, ಶಿರಸಿ

2022ರ ಅಕ್ಟೋಬರ್‌ನಿಂದ 2024ರ ಜುಲೈವರೆಗೆ ಇದ್ದರು. 2009ರ ಜನವರಿ 1 ಮತ್ತು ಅದರಾಚೆ ಹುಟ್ಟಿದವರಿಗೆ ಯಾವತ್ತೂ ತಂಬಾಕು ಮಾರಬಾರದು ಅನ್ನುವ ಯೋಚನೆಯನ್ನು 2023ರಲ್ಲಿ ಮುಂದಿಟ್ಟವರು ಅವರೇ. ಅದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಚುನಾವಣೆಯಿಂದ ಆ ಮಸೂದೆ ನಿಂತುಹೋದರೂ ಆಮೇಲೆ ಬಂದ ಲೇಬರ್ ಸರ್ಕಾರ ಮತ್ತೆ ತಂದಿತು. ಆದರೆ ಚುನಾವಣೆ ಪ್ರಚಾರದ ಮಧ್ಯೆ, 18ರ ಹುಡುಗರೆಲ್ಲ ಒಂದೋ ವರ್ಷ ಸೇನೆಯಲ್ಲಿ ಇಲ್ಲವೇ ತಿಂಗಳಿಗೊಂದು ವಾರಾಂತ್ಯ ಸಮಾಜಸೇವೆಯಲ್ಲಿ ಕಡ್ಡಾಯವಾಗಿ ಕಳೆಯಬೇಕು ಅಂತ ಘೋಷಿಸಿದರು. ಹುಡುಗರ ಜೊತೆ ಕೂತು ಮಾತಾಡಿ ಮಾಡಿದ್ದಾಗಿದ್ದರೆ ಅದರ ಕಥೆ ಬೇರೆ ಆಗುತ್ತಿತ್ತೋ ಏನೋ.

ಅಕ್ಕಾ, ನಾವು ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ. ಮಗಳಿಗೆ 14. ಊಟದ ಹೊತ್ತಿಗೆ ನ್ಯೂಸ್ ಹಾಕಿದರೆ ‘ಅಪ್ಪಾ, ಬೋರು’ ಅಂತ ತಟ್ಟೆ ಎತ್ತಿಕೊಂಡು ರೂಮಿಗೆ ಹೋಗುತ್ತಾಳೆ. ಬಸ್ಸು ಲೇಟು, ಶಾಲೆಯ ಟಾಯ್ಲೆಟ್ ಬೀಗ ಅಂತ ದಿನಾ ಗೊಣಗುತ್ತಾಳೆ. ಆಸಕ್ತಿ ಬರಿಸೋದು ಹೇಗೆ?
— ಒಬ್ಬ ಅಪ್ಪ

ತಮ್ಮಾ, ಅವಳಿಗೆ ಆಸಕ್ತಿ ಇದೆ. ಬಸ್ಸು, ಟಾಯ್ಲೆಟ್ಟು ಇವೆಲ್ಲ ಮತ್ತೇನು? ನ್ಯೂಸ್ ಆಫ್ ಮಾಡಿ, ಆ ಬಸ್ಸಿನಿಂದಲೇ ಶುರು ಮಾಡಿ.

ನಿಮ್ಮ ಎಂಪಿ ಜನರನ್ನು ನೇರವಾಗಿ ಭೇಟಿ ಮಾಡುವ ದಿನ ಇರುತ್ತೆ. ಅದಕ್ಕೆ ‘ಸರ್ಜರಿ’ ಅನ್ನುತ್ತಾರೆ, ಸಾಮಾನ್ಯವಾಗಿ ಶುಕ್ರವಾರ ಇಲ್ಲವೇ ಶನಿವಾರ. ಹೆಸರು ಬರೆಸಿ, ಅವಳನ್ನೇ ಕರೆದುಕೊಂಡು ಹೋಗಿ. ಅವಳೇ ಮಾತಾಡಲಿ, ನೀವು ಪಕ್ಕದಲ್ಲಿ ಸುಮ್ನೆ ಕೂತಿರಿ. ಬಸ್ಸಿನ ವಿಷಯ ಕೌನ್ಸಿಲರ್‌ಗೆ ಸೇರಿದ್ದು ಅಂತ ಅಲ್ಲಿ ಹೇಳಿದರೆ ಅದೂ ಒಂದು ಪಾಠವೇ. ಯುಕೆ ಯೂತ್ ಪಾರ್ಲಿಮೆಂಟ್ ಅಂತ ಇದೆ, 11ರಿಂದ 18ರವರಿಗೆ. ಎಂಪಿಗಳಲ್ಲದವರು ಪಾರ್ಲಿಮೆಂಟಿನ ಕೆಳಮನೆ ಹೌಸ್ ಆಫ್ ಕಾಮನ್ಸ್‌ನ ಆ ಹಸಿರು ಬೆಂಚುಗಳ ಮೇಲೆ ಕೂತು ಚರ್ಚೆ ಮಾಡಿದ್ದು 2009ರಲ್ಲಿ, ಈ ಮಕ್ಕಳೇ ಮೊದಲು. ನಿಮ್ಮ ಊರಿನ ಪ್ರತಿನಿಧಿ ಯಾರು ಅಂತ ಶಾಲೆಯಲ್ಲಿ ಕೇಳೋಕೆ ಹೇಳಿ. ಅವಳಿಗೆ ಇನ್ನೂ ಒಂದು ವಿಷಯ ಹೇಳಿ: ಸ್ಯಾಮ್ ಕಾರ್ಲಿಂಗ್ ಅನ್ನುವ ಹುಡುಗ 2024ರಲ್ಲಿ ನಾರ್ತ್ ವೆಸ್ಟ್ ಕೇಂಬ್ರಿಜ್‌ಶೈರ್‌ನಿಂದ ಎಂಪಿ ಆದಾಗ ಅವನಿಗೆ 22. ಗೆದ್ದ ಅಂತರ ಬರೀ 39 ವೋಟು. ಅವಳ ತರಗತಿಯಲ್ಲಿ ಅದಕ್ಕಿಂತ ಸ್ವಲ್ಪ ಕಮ್ಮಿ ಮಕ್ಕಳಿರಬಹುದು, ಅಷ್ಟೇ.

ರಜೆಯಲ್ಲಿ ಒಂದು ದಿನ ಲಂಡನ್ನಿಗೆ ಬನ್ನಿ. ಎಂಪಿ ಕಚೇರಿಗೆ ಬರೆದರೆ ಪಾರ್ಲಿಮೆಂಟನ್ನು ಪುಕ್ಕಟೆ ತೋರಿಸುತ್ತಾರೆ. ಅಲ್ಲಿಂದ ಲ್ಯಾಂಬೆತ್ ಸೇತುವೆ ದಾಟಿದರೆ ಥೇಮ್ಸ್ ದಂಡೆಯ ಮೇಲೆ ನಮ್ಮ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್‌ನಲ್ಲಿ ಅನಾವರಣ ಆಗಿದ್ದು. ಅದನ್ನು ಅಲ್ಲಿ ತಂದು ನಿಲ್ಲಿಸಲು ಓಡಾಡಿದವರು ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲ್. ಲ್ಯಾಂಬೆತ್ ಕೌನ್ಸಿಲ್‌ಗೆ ಆರಿಸಿಬಂದು ಮೇಯರ್ ಕೂಡ ಆದವರು. ಸಂಜೆ ಹೊತ್ತು ಅಲ್ಲಿ ನಿಂತರೆ ನದಿಯಾಚೆ ಪಾರ್ಲಿಮೆಂಟಿನ ಗೋಪುರ ಕಾಣುತ್ತೆ. ನಾನು ಮಗಳನ್ನು ಕರೆದುಕೊಂಡು ಹೋಗಿ ಅಲ್ಲೇ ಬೆಂಚಿನ ಮೇಲೆ ಚಪಾತಿ ತಿಂದಿದ್ದೇನೆ.

ಕೊನೇದಾಗಿ, ಚುನಾವಣೆ ದಿನ ಮಗಳನ್ನು ನಿಮ್ಮ ಜೊತೆ ಮತಗಟ್ಟೆಯ ಒಳಗೇ ಕರೆತರಬಹುದು. 18 ಆಗದ ಮಕ್ಕಳು ಅಪ್ಪ ಅಮ್ಮನ ಜೊತೆ ಬರೋದಕ್ಕೆ ಅಡ್ಡಿ ಇಲ್ಲ, ಗುರುತು ಮಾತ್ರ ನೀವೇ ಹಾಕಬೇಕು. ಶಾಲೆ ಬಿಟ್ಟ ಮೇಲೆ, ಆಫೀಸಿನವರೆಲ್ಲ ಬರುವ ಮುಂಚೆ, ನಾಲ್ಕರ ಹೊತ್ತಿಗೆ ಬನ್ನಿ. ಆಗ ಸಾಲು ಚಿಕ್ಕದಿರುತ್ತೆ. ನಿಮ್ಮ ಹೆಸರಿನ ಮೇಲೆ ಸ್ಕೇಲಿಟ್ಟು ಗೆರೆ ಎಳೆಯೋದನ್ನು ಅವಳು ಹತ್ತಿರ ನಿಂತು ನೋಡಬಹುದು.